ಕಾಫಿಯ ಬದಲಿಗೆ ಚಿಕೋರಿ: ಯಾರಿಗೆ, ಎಷ್ಟು, ಹೇಗೆ?

ಪ್ರಶ್ನೆ: ನಾವು ಬದಿಯಡ್ಕದ ಕಡೆಯವರು. ಮನೆಯಲ್ಲಿ ಬೆಳಗ್ಗೆ, ಹತ್ತು ಗಂಟೆಗೆ ಮತ್ತು ಸಂಜೆ ಹೀಗೆ ಮೂರು ಹೊತ್ತು ಫಿಲ್ಟರ್ ಕಾಫಿ ಆಗಲೇಬೇಕು. 68 ವರ್ಷದ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಇತ್ತೀಚೆಗೆ ಎದೆಯುರಿ ಮತ್ತು ನಿದ್ರೆ ಬಾರದ ತೊಂದರೆಯೂ ಸೇರಿಕೊಂಡಿದೆ. ವೈದ್ಯರು ಕಾಫಿ ಕಡಿಮೆ ಮಾಡಲು ಹೇಳಿದ್ದಾರೆ. ಸಂಬಂಧಿಕರೊಬ್ಬರ ಸಲಹೆಯಂತೆ ಬರೀ ಚಿಕೋರಿ ಹುಡಿ ತರಿಸಿ ಕೊಟ್ಟೆವು. ರುಚಿ ಅವರಿಗೆ ಒಗ್ಗಿತು, ಆದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುತ್ತಾರೆ. ಚಿಕೋರಿ ಎಂದರೆ ಕಾಫಿಗೆ ಬೆರೆಸುವ ಕಲಬೆರಕೆ ಎಂದು ಒಬ್ಬರು, ಸಕ್ಕರೆ ಕಾಯಿಲೆಗೂ ಯಕೃತ್ತಿಗೂ ಅದು ಮದ್ದು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಗರ್ಭಿಣಿಯಾಗಿರುವ ನಾದಿನಿಗೂ ಇದನ್ನು ಕೊಡಬಹುದೇ? ಇದರ ಸೊಪ್ಪನ್ನೂ ತಿನ್ನುತ್ತಾರಂತೆ, ನಮ್ಮ ಹಿತ್ತಲಲ್ಲಿ ಬೆಳೆಯಬಹುದೇ?

ಉತ್ತರ: ಮಾವನವರ ವಿಷಯದಲ್ಲಿ ನೇರವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಚಿಕೋರಿ ಕುಡಿಯಬಹುದು. ಅದರಲ್ಲಿ ಕೆಫೀನ್ ಇಲ್ಲದ ಕಾರಣ ಸಂಜೆಯ ಕಾಫಿಯ ಜಾಗಕ್ಕೆ ಅದು ಬಂದರೆ ನಿದ್ರೆಗೆ ಅನುಕೂಲವಾಗುವ ಸಾಧ್ಯತೆ ಚೆನ್ನಾಗಿದೆ. ಎದೆಯುರಿ ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಹೊಟ್ಟೆಯುಬ್ಬರ ಬಹುಮಟ್ಟಿಗೆ ಚಿಕೋರಿಯಿಂದಲೇ ಬಂದದ್ದು; ಪ್ರಮಾಣ ಇಳಿಸಿದರೆ ಅದೂ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರ ಅದು ಮದ್ದಲ್ಲ. ನಿಮ್ಮ ಇಬ್ಬರು ಸಂಬಂಧಿಕರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆಯಾದರೂ, ಇಬ್ಬರೂ ಎಷ್ಟು ಪ್ರಮಾಣ ಎಂಬ ಪ್ರಶ್ನೆಯನ್ನು ಬಿಟ್ಟು ಮಾತಾಡಿದ್ದಾರೆ. ಚಿಕೋರಿಯ ವಿಷಯದಲ್ಲಿ ಮುಖ್ಯವಾದದ್ದು ಅದೇ ಪ್ರಶ್ನೆ.

ಚಿಕೋರಿ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ, ತಿಳಿನೀಲಿ ಹೂ ಬಿಡುವ ಗಿಡ. ಮೂಲಂಗಿಯಂತೆ ನೆಲದೊಳಕ್ಕೆ ಇಳಿಯುವ ಅದರ ಬೇರನ್ನು ಅಗೆದು, ತೊಳೆದು, ತುಂಡರಿಸಿ, ಒಣಗಿಸಿ, ಕಂದು ಬಣ್ಣ ಬರುವವರೆಗೆ ಹುರಿದು ಹುಡಿ ಮಾಡಿದರೆ ನಮಗೆ ಪರಿಚಯವಿರುವ ಚಿಕೋರಿ ಸಿಗುತ್ತದೆ. ನಮ್ಮ ದೇಶದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವುದು ಗುಜರಾತಿನ ಜಾಮ್‌ನಗರದ ಸುತ್ತಮುತ್ತ ಮತ್ತು ಉತ್ತರ ಪ್ರದೇಶದ ಏಟಾ, ಅಲಿಗಢ ಭಾಗಗಳಲ್ಲಿ, ಅದೂ ಚಳಿಗಾಲದ ಬೆಳೆಯಾಗಿ. ಕಾಸರಗೋಡಿನಲ್ಲಿ ಇದನ್ನು ದಿನವೂ ಕುಡಿಯುವ ಮನೆಗಳು ಬೇಕಾದಷ್ಟಿದ್ದರೂ ಗಿಡವನ್ನು ಕಂಡವರು ಅಪರೂಪವಾಗಿರುವುದಕ್ಕೆ ಕಾರಣ ಅದೇ. ಕಾಫಿಯ ಬದಲಿಗೆ ಈ ಬೇರನ್ನು ಬಳಸುವ ರೂಢಿ ಯುರೋಪಿನಲ್ಲಿ ಹದಿನೆಂಟನೇ ಶತಮಾನದಲ್ಲಿ ಬೆಳೆಯಿತು. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವಿರುದ್ಧ ವ್ಯಾಪಾರ ದಿಗ್ಬಂಧನ ಹೇರಿ ಕಾಫಿ ಸಿಗುವುದು ದುರ್ಲಭವಾದಾಗ ಅದು ಮನೆಮನೆಗೂ ಹಬ್ಬಿತು. ಕೊರತೆಯ ಕಾಲದಲ್ಲಿ ನಾಲಿಗೆಗೆ ಹತ್ತಿದ ರುಚಿ ಕೊರತೆ ಮುಗಿದ ಮೇಲೂ ಬಿಡಲಿಲ್ಲ.

ಈ ಬೇರಿನಲ್ಲಿ ಗೆಣಸು, ಮರಗೆಣಸುಗಳಲ್ಲಿರುವಂತೆ ಪಿಷ್ಟ ಇರುವುದಿಲ್ಲ. ಅದರ ಬದಲಿಗೆ ಇನುಲಿನ್ ಎಂಬ ನಾರಿನ ರೂಪದಲ್ಲಿ ಗಿಡ ತನ್ನ ಆಹಾರವನ್ನು ಕೂಡಿಡುತ್ತದೆ. ಹುರಿಯುವಾಗ ಇನುಲಿನ್‌ನ ಒಂದು ಭಾಗ ಒಡೆದು, ಸಕ್ಕರೆ ಕರಗಿ ಕಂದಿದಾಗ ಬರುವಂಥ ಬಣ್ಣವೂ ಪರಿಮಳವೂ ಹುಟ್ಟುತ್ತವೆ. ಬೇರಿನಲ್ಲಿ ಸಹಜವಾಗಿರುವ ಕಹಿ ಅಂಶಗಳೂ ಹುರಿದದ್ದರಿಂದ ಬಂದ ಕಹಿಯೂ ಅದಕ್ಕೆ ಸೇರುತ್ತವೆ. ಕಪ್ಪು, ಕಹಿ, ತುಸು ಸಿಹಿ, ಗಟ್ಟಿತನ ಇಷ್ಟನ್ನು ಚಿಕೋರಿ ಕೊಡುತ್ತದೆ. ಕಾಫಿ ಬೀಜದ ಎಣ್ಣೆಯ ಅಂಶ, ಅದರ ಪರಿಮಳ ಮತ್ತು ಕೆಫೀನ್ ಇವನ್ನು ಕೊಡುವುದಿಲ್ಲ. ಆದ್ದರಿಂದ ಬರೀ ಚಿಕೋರಿ ಕುಡಿದವರಿಗೆ ಬಾಯಿಗೆ ಕಾಫಿ ಕುಡಿದ ಹಾಗೆ ಅನ್ನಿಸಿದರೂ ತಲೆಗೆ ಅನ್ನಿಸುವುದಿಲ್ಲ.

ಕಲಬೆರಕೆ ಹೌದೇ ಅಲ್ಲವೇ ಎಂಬುದನ್ನು ನಿರ್ಧರಿಸುವುದು ಪೊಟ್ಟಣದ ಮೇಲಿನ ಬರಹ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರದ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇಕಡಾ 51 ಕಾಫಿ ಇರಬೇಕು ಮತ್ತು ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರಬೇಕು. ಹೀಗೆ ಬರೆದು ಮಾರಿದರೆ ಅದು ಕಾನೂನುಬದ್ಧ ಮಿಶ್ರಣ; ಬರೆಯದೆ ಬೆರೆಸಿದರೆ, ಅಥವಾ ಶುದ್ಧ ಕಾಫಿ ಎಂದು ಹೇಳಿ ಮಾರಿದರೆ ಅದು ವಂಚನೆ. ಈ ಜಗಳ ಬಹಳ ಹಳೆಯದು. 1850ರ ದಶಕದಲ್ಲಿ ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಅಂಗಡಿಗಳ ಕಾಫಿ ಹುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅದರಲ್ಲಿ ಧಾರಾಳವಾಗಿ ಚಿಕೋರಿ ಕಂಡಿತು. ಆ ಚಿಕೋರಿಗೂ ಬೇರೆ ಅಗ್ಗದ ಸಾಮಾನು ಬೆರೆತಿದ್ದದ್ದು ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಪೊಟ್ಟಣದ ಹುಡಿಗಿಂತ ಪೇಟೆಯ ಅಂಗಡಿಯಲ್ಲಿ ಕಣ್ಣೆದುರೇ ಹುರಿದು ಬೀಸಿ ಕೊಡುವ ಹುಡಿಯ ಮೇಲೆ ಜನರಿಗೆ ವಿಶ್ವಾಸ ಹೆಚ್ಚು. ಆ ವಿಶ್ವಾಸ ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಅಲ್ಲಿ ಓದಲು ಲೇಬಲ್ ಇರುವುದಿಲ್ಲ. ಕಾಗದದ ಪೊಟ್ಟಣ ಕೈಗೆ ಬರುವ ಮೊದಲು ಎಷ್ಟಕ್ಕೆ ಎಷ್ಟು ಬೆರೆಸಿದ್ದೀರಿ ಎಂದು ಬಾಯಿಬಿಟ್ಟು ಕೇಳಿಕೊಳ್ಳಬೇಕು. ನೀರು ಹಾಕಿ ಕಲಕುವ ಇನ್‌ಸ್ಟಂಟ್ ಹುಡಿಗಳಲ್ಲೂ ಚಿಕೋರಿ ಇರುತ್ತದೆ ಎಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. 70:30, 60:40, 53:47 ಎಂಬ ಸಂಖ್ಯೆಗಳನ್ನು ಪೊಟ್ಟಣದ ಹಿಂಬದಿಯಲ್ಲಿ ಹುಡುಕಿ ನೋಡಿ.

ಬೆರಕೆ ಇದೆಯೇ ಎಂದು ಮನೆಯಲ್ಲೇ ನೋಡುವ ಒಂದು ಕ್ರಮವಿದೆ. ಗಾಜಿನ ಲೋಟದ ತುಂಬ ತಣ್ಣೀರು ತೆಗೆದುಕೊಂಡು, ನೀರು ಅಲುಗಾಡುವುದು ನಿಂತ ಮೇಲೆ, ಅರ್ಧ ಚಮಚ ಹುಡಿಯನ್ನು ಮೇಲಿನಿಂದ ಮೆಲ್ಲನೆ ಉದುರಿಸಬೇಕು, ಕಲಕಬಾರದು. ಕಾಫಿಯ ಕಣಗಳಲ್ಲಿ ಎಣ್ಣೆಯೂ ಒಳಗೆ ಸಿಕ್ಕಿಕೊಂಡ ಗಾಳಿಯೂ ಇರುವುದರಿಂದ ಅವು ಮೇಲೆಯೇ ತೇಲುತ್ತವೆ, ನೀರು ಕೆಲವು ನಿಮಿಷಗಳ ವರೆಗೂ ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ. ಚಿಕೋರಿಯ ಕಣಗಳು ನೀರು ಮುಟ್ಟಿದ ಕೂಡಲೇ ಅದನ್ನು ಹೀರಿಕೊಂಡು ಭಾರವಾಗಿ ಕೆಳಗಿಳಿಯಲಾರಂಭಿಸುತ್ತವೆ ಮತ್ತು ಇಳಿಯುವ ದಾರಿಯುದ್ದಕ್ಕೂ ಕಂದು ಬಣ್ಣದ ಎಳೆಯನ್ನು ಬಿಡುತ್ತ ಹೋಗುತ್ತವೆ. ಹತ್ತಾರು ಎಳೆಗಳು ಲೋಟದ ತಳ ಮುಟ್ಟಿ ಅಲ್ಲಿ ಹರಡಿಕೊಳ್ಳುವುದನ್ನು ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣಬಹುದು. ಪ್ರಾಧಿಕಾರವೇ ಜನರಿಗೆ ಹೇಳಿಕೊಡುವ ಪರೀಕ್ಷೆ ಇದು. ಇದರಿಂದ ಚಿಕೋರಿ ಇದೆ ಎಂದು ತಿಳಿಯುತ್ತದೆಯೇ ಹೊರತು ಶೇಕಡಾ ಎಷ್ಟು ಎಂದು ತಿಳಿಯುವುದಿಲ್ಲ. ತೀರ ನುಣ್ಣಗೆ ಬೀಸಿದ ಶುದ್ಧ ಕಾಫಿಯೂ ಸ್ವಲ್ಪ ಹೊತ್ತು ಕಳೆದ ಮೇಲೆ ಮುಳುಗುತ್ತದೆ, ಆದ್ದರಿಂದ ಮೊದಲ ಒಂದು ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನೇ ನೋಡಬೇಕು.

ಪೊಟ್ಟಣದ ಮೇಲಿನ ಶೇಕಡಾವಾರು ಹುಡಿಗೆ ಸಂಬಂಧಿಸಿದ್ದು, ಲೋಟಕ್ಕೆ ಸಂಬಂಧಿಸಿದ್ದಲ್ಲ. ಈ ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕಾಫಿ ಹುಡಿಯಲ್ಲಿ ಬಿಸಿನೀರಿಗೆ ಬಿಟ್ಟುಕೊಳ್ಳುವ ಅಂಶ ತೂಕದ ಸುಮಾರು ಶೇಕಡಾ 30ರ ಆಸುಪಾಸು. ಉಳಿದದ್ದು ಚರಟವಾಗಿ ಫಿಲ್ಟರಿನಲ್ಲೇ ನಿಲ್ಲುತ್ತದೆ. ಹುರಿದ ಚಿಕೋರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. 60 ಎಂದು ಇಟ್ಟುಕೊಳ್ಳೋಣ. ಈಗ 60:40 ಮಿಶ್ರಣದ 100 ಗ್ರಾಂ ಹುಡಿಯ ಲೆಕ್ಕ ಹಾಕಿದರೆ, 60 ಗ್ರಾಂ ಕಾಫಿಯಿಂದ 18 ಗ್ರಾಂ, 40 ಗ್ರಾಂ ಚಿಕೋರಿಯಿಂದ 24 ಗ್ರಾಂ ಡಿಕಾಕ್ಷನ್ನಿಗೆ ಇಳಿಯುತ್ತದೆ. ಅಂದರೆ ಹುಡಿಯಲ್ಲಿ ಕಾಫಿಯದೇ ಮೇಲುಗೈಯಾಗಿದ್ದರೂ ಲೋಟದಲ್ಲಿ ಕರಗಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿಕೋರಿಯೇ. ಮನೆಯ ಫಿಲ್ಟರಿನಲ್ಲಿ ಎರಡೂ ಪೂರ್ತಿಯಾಗಿ ಇಳಿಯುವುದಿಲ್ಲವಾದರೂ ಅನುಪಾತ ಹೆಚ್ಚು ಬದಲಾಗುವುದಿಲ್ಲ. ಚಿಕೋರಿ ಬೆರೆಸಿದ ಹುಡಿಯಿಂದ ಡಿಕಾಕ್ಷನ್ ದಪ್ಪವಾಗಿ, ಕಪ್ಪಾಗಿ ಬರುವುದು ಇದರಿಂದಲೇ. ಅದನ್ನು ನೋಡಿ ಸ್ಟ್ರಾಂಗ್ ಕಾಫಿ ಎಂದು ಹೊಗಳುತ್ತೇವೆ. ಅಂಗಡಿಯವರಿಗೂ ಅದು ಗೊತ್ತು, ಏಕೆಂದರೆ ಚಿಕೋರಿಯ ಬೆಲೆ ಕಾಫಿಗಿಂತ ಬಹಳ ಕಡಿಮೆ.

ಕೆಫೀನ್‌ನ ಲೆಕ್ಕ ಇದಕ್ಕಿಂತಲೂ ಮೋಸದ್ದು. ಚಿಕೋರಿ ಹೆಚ್ಚಿರುವ ಹುಡಿ ಕೊಂಡರೆ ಕೆಫೀನ್ ತಾನಾಗಿ ಇಳಿಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇಕಡಾ 1.2 ಇದ್ದರೆ ರೊಬಸ್ಟಾದಲ್ಲಿ ಅದು 2ನ್ನು ದಾಟುತ್ತದೆ. ನಮ್ಮ ಜಿಲ್ಲೆಗೆ ಕಾಫಿ ಬರುವುದು ಒಂದೋ ಘಟ್ಟದ ಮೇಲಿನ ಕೊಡಗಿನಿಂದ, ಇಲ್ಲವೇ ತೆಂಕಲಿನ ವಯನಾಡಿನಿಂದ. ವಯನಾಡಿನದು ಬಹುತೇಕ ರೊಬಸ್ಟಾ, ಕೊಡಗಿನಲ್ಲೂ ರೊಬಸ್ಟಾದ ಪಾಲೇ ದೊಡ್ಡದು. ರೊಬಸ್ಟಾಕ್ಕೆ ಶೇಕಡಾ 40 ಚಿಕೋರಿ ಬೆರೆಸಿದ ಮೇಲೂ ಆ ಹುಡಿಯಲ್ಲಿ ಉಳಿಯುವ ಕೆಫೀನ್, ಏನೂ ಬೆರೆಸದ ಶುದ್ಧ ಅರೇಬಿಕಾದಲ್ಲಿ ಇರುವಷ್ಟೇ ಆಗುತ್ತದೆ, ಕೆಲವೊಮ್ಮೆ ತುಸು ಹೆಚ್ಚೇ. ಆದ್ದರಿಂದ ವೈದ್ಯರು ಕಾಫಿ ಕಡಿಮೆ ಮಾಡಿ ಎಂದಾಗ 80:20 ಹುಡಿಯನ್ನು ಬಿಟ್ಟು 60:40 ತಂದರೆ ಸಾಕಾಗುವುದಿಲ್ಲ. ಶುದ್ಧ ಕಾಫಿಯನ್ನೂ ಶುದ್ಧ ಚಿಕೋರಿಯನ್ನೂ ಬೇರೆ ಬೇರೆ ತಂದು, ಯಾವ ಹೊತ್ತಿಗೆ ಯಾವುದು ಎಂದು ಮನೆಯಲ್ಲೇ ನಿರ್ಧರಿಸುವುದು ಉತ್ತಮ. ನಿಮ್ಮ ಮನೆಯಲ್ಲಿ ಈಗಾಗಲೇ ಅರ್ಧ ಕೆಲಸ ಆಗಿದೆ.

ಮಾವನವರ ನಿದ್ರೆಯ ವಿಷಯಕ್ಕೆ ಬರೋಣ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಆರೋಗ್ಯವಂತ ವಯಸ್ಕರಿಗೆ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ರಕ್ತದಲ್ಲಿ ಇರುತ್ತದೆ ಎಂದಾಯಿತು. ಹಾಗಾಗಿ ಮೊದಲು ಬದಲಾಗಬೇಕಾದದ್ದು ಸಂಜೆಯ ಲೋಟ. ಅದನ್ನು ಬರೀ ಚಿಕೋರಿಯದ್ದಾಗಿ ಮಾಡಿ. ಒಂದು ವಾರ ಕಳೆದ ಮೇಲೆ ಹತ್ತು ಗಂಟೆಯ ಲೋಟವನ್ನು ಅರ್ಧಕ್ಕರ್ಧ ಮಾಡಿ, ಆಮೇಲೆ ಬೇಕಿದ್ದರೆ ಅದನ್ನೂ ಪೂರ್ತಿ ಬದಲಿಸಿ. ಬೆಳಗಿನ ಕಾಫಿಯನ್ನು ಕಿತ್ತುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ವೈದ್ಯರು ಹೇಳಿದ್ದು ಕಡಿಮೆ ಮಾಡಲು, ಬಿಡಲು ಅಲ್ಲ. ಒಂದೇ ದಿನದಲ್ಲಿ ಮೂರೂ ಹೊತ್ತಿನದನ್ನು ಬದಲಿಸಿದರೆ, ಕೊನೆಯ ಕಾಫಿಯಾಗಿ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು, ಜಡತೆ, ಸಿಡುಕು ಶುರುವಾಗಿ ಒಂದು ವಾರದಷ್ಟು ಕಾಲ ಇರಬಹುದು. ಆಗ ಮನೆಯವರೆಲ್ಲ ಚಿಕೋರಿ ಇವರಿಗೆ ಆಗಿಬರಲಿಲ್ಲ ಎಂದು ತೀರ್ಮಾನಿಸುತ್ತಾರೆ. ತಲೆನೋವು ಬಂದದ್ದು ಚಿಕೋರಿ ಕುಡಿದದ್ದರಿಂದಲ್ಲ, ಕೆಫೀನ್ ತಪ್ಪಿದ್ದರಿಂದ.

ಎದೆಯುರಿಯ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾಗದು. ಕಾಫಿ ಹೊಟ್ಟೆಯಲ್ಲಿ ಆಮ್ಲ ಸುರಿಯುವುದನ್ನು ಹೆಚ್ಚಿಸುತ್ತದೆ. ಆದರೆ ಅದಕ್ಕೆ ಕೆಫೀನ್ ಒಂದೇ ಕಾರಣವಲ್ಲ. ಕೆಫೀನ್ ತೆಗೆದ ಕಾಫಿಯೂ ಕೆಲವರಿಗೆ ಉರಿ ತರುತ್ತದೆ. ಚಿಕೋರಿಯ ಕಹಿಯೂ ಜೀರ್ಣರಸಗಳನ್ನು ಪ್ರಚೋದಿಸುವಂಥದ್ದೇ. ಹಸಿವು ಹುಟ್ಟಿಸಲು ಅದನ್ನು ಬಳಸುವ ಹಳೆಯ ಪದ್ಧತಿಗೆ ಆಧಾರವೂ ಅದೇ. ಹೀಗಾಗಿ ಕೆಲವರಿಗೆ ಇದರಿಂದ ಹಾಯೆನಿಸುತ್ತದೆ, ಕೆಲವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಬರಿಹೊಟ್ಟೆಗೆ ಕುಡಿಯುವುದನ್ನು ನಿಲ್ಲಿಸಿ, ಒಂದು ದೋಸೆಯೋ ಎರಡು ಇಡ್ಲಿಯೋ ತಿಂದಾದ ಮೇಲೆ ಕೊಟ್ಟು ನೋಡಿ. ಬಾಯಲ್ಲಿ ಎಲೆಯಡಿಕೆ, ಅದರಲ್ಲೂ ಹೊಗೆಸೊಪ್ಪು ಇದ್ದರೆ, ಉರಿಯ ಆರೋಪವನ್ನು ಕಾಫಿಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ. ನುಂಗಲು ಕಷ್ಟವಾಗುವುದು, ತೂಕ ಇಳಿಯುವುದು, ಮಲ ಕಪ್ಪಾಗುವುದು ಇವುಗಳಲ್ಲಿ ಒಂದಿದ್ದರೂ ಪಾನೀಯ ಬದಲಿಸುತ್ತ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಹೊಟ್ಟೆಯುಬ್ಬರ. ಇನುಲಿನ್ ನಮ್ಮ ಸಣ್ಣಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಅದು ಹಾಗೆಯೇ ದೊಡ್ಡಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಒಳ್ಳೆಯ ಜೀವಿಗಳು ಹೆಚ್ಚುವುದು, ಮಲ ಸಲೀಸಾಗುವುದು ಇದರ ಒಂದು ಮುಖ. ಅವು ಅದನ್ನು ಹುಳಿಸುವಾಗ ಗಾಳಿ ಉಂಟಾಗುವುದು ಇನ್ನೊಂದು ಮುಖ. ನೀರುಳ್ಳಿ, ಬೆಳ್ಳುಳ್ಳಿಗಳಲ್ಲೂ ಇದೇ ಬಗೆಯ ನಾರು ಇದೆ. ಅವು ತಿಂದರೆ ಹೊಟ್ಟೆ ಕೆಡುವವರಿಗೆ ಚಿಕೋರಿಯೂ ಕೆಡಿಸುವ ಸಂಭವ ಹೆಚ್ಚು. ಹುರಿದಾಗ ಇನುಲಿನ್ ಸ್ವಲ್ಪ ಕಡಿಮೆಯಾಗುತ್ತದಾದರೂ ಉಳಿದದ್ದು ಮೂರು ಲೋಟ ಬರೀ ಚಿಕೋರಿಯಲ್ಲಿ ಗಾಳಿ ತುಂಬಿಸಲು ಸಾಕಾಗುತ್ತದೆ, ಹಾಲು ಜೀರ್ಣವಾಗದ ವಯಸ್ಸಿನವರಾದರೆ ಮತ್ತೂ ಹೆಚ್ಚು. ಮಾವನವರಿಗೆ ಒಂದೇ ಲೋಟ, ಅದೂ ಅರ್ಧ ಚಮಚ ಹುಡಿಯದ್ದು ಕೊಟ್ಟು, ಹೊಟ್ಟೆ ಒಗ್ಗಿದ ಮೇಲೆ ಬೇಕಿದ್ದರೆ ಹೆಚ್ಚಿಸಿ. ಇನ್ನೊಂದನ್ನೂ ನೋಡಬೇಕು: ಸಕ್ಕರೆ ಕಾಯಿಲೆಯವರಿಗೆಂದು, ನಾರು ಹೆಚ್ಚು ಎಂದು ಮಾರುವ ಹಲವು ಬಿಸ್ಕತ್ತು, ಹುಡಿಗಳಲ್ಲಿ ಸೇರಿಸುವ ನಾರು ಚಿಕೋರಿ ಬೇರಿನ ಇನುಲಿನ್ನೇ. ಚಿಕೋರಿ ಕಾಫಿಯ ಜೊತೆಗೆ ಅಂಥ ಬಿಸ್ಕತ್ತನ್ನೂ ಅದ್ದಿ ತಿನ್ನುತ್ತಿದ್ದರೆ ಎರಡು ದಾರಿಯಿಂದ ಒಂದೇ ವಸ್ತು ಹೊಟ್ಟೆಗೆ ಹೋಗುತ್ತಿದೆ.

ಮದ್ದು ಎಂಬ ಮಾತು ಎಲ್ಲಿಂದ ಬಂತು ಎಂಬುದೂ ಇಲ್ಲೇ ತಿಳಿಯುತ್ತದೆ. ಯುನಾನಿ ವೈದ್ಯದಲ್ಲಿ ಕಾಸ್ನಿ ಎಂಬ ಹೆಸರಿನಲ್ಲಿ ಈ ಗಿಡದ ಬೀಜ, ಬೇರು, ಎಲೆಗಳನ್ನು ಯಕೃತ್ತಿನ ತೊಂದರೆಗಳಿಗೆ ಬಹುಕಾಲದಿಂದ ಬಳಸುತ್ತಾರೆ. ಬೇರಿನಿಂದ ತೆಗೆದ, ಹುರಿಯದ ಇನುಲಿನ್ ದಿನಕ್ಕೆ 12 ಗ್ರಾಂ ಸೇವಿಸಿದರೆ ಮಲವಿಸರ್ಜನೆ ಸುಗಮವಾಗುತ್ತದೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿದೆ. ಎರಡೂ ನಿಜ. ಆದರೆ ನಾವು ಮಾತಾಡುತ್ತಿರುವುದು ಕಪ್ಪಾಗುವವರೆಗೆ ಹುರಿದ ಬೇರಿನ ಒಂದು ಚಮಚ ಹುಡಿಯ ವಿಷಯ. ಆ ಲೋಟದಿಂದ 12 ಗ್ರಾಂ ಇನುಲಿನ್ ಬರುವುದು ಸಾಧ್ಯವೇ ಇಲ್ಲ, ಹಸಿ ಎಲೆಯ ರಸದ ಗುಣವೂ ಅದಕ್ಕಿಲ್ಲ. ಸಕ್ಕರೆ ಕಾಯಿಲೆಯ ಮಟ್ಟಿಗೆ ಅದು ಮಾಡುವ ಒಂದು ಉಪಕಾರ ಪರೋಕ್ಷವಾದದ್ದು. ಹುರಿದ ಬೇರಿಗೆ ತನ್ನದೇ ಆದ ತುಸು ಸಿಹಿ ಇರುವುದರಿಂದ ಲೋಟಕ್ಕೆ ಹಾಕುವ ಸಕ್ಕರೆಯನ್ನು ಅರ್ಧ ಮಾಡಿದರೂ ನಡೆಯುತ್ತದೆ. ಇದನ್ನು ನಂಬಿ ಮಾತ್ರೆಯ ಪ್ರಮಾಣ ಬದಲಿಸಬಾರದು.

ಯಾರು ಎಚ್ಚರಿಕೆಯಿಂದ ಇರಬೇಕು ಎಂಬುದರಲ್ಲಿ ನಮ್ಮ ಊರಿಗೆ ಸಂಬಂಧಿಸಿದ ಒಂದು ವಿಷಯವಿದೆ. ರಸ್ತೆಬದಿಯಲ್ಲೂ ಖಾಲಿ ನಿವೇಶನಗಳಲ್ಲೂ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಚಿಕೋರಿಯ ಕುಟುಂಬಕ್ಕೇ ಸೇರಿದ್ದು. ಮೈಗೆ ತಗುಲಿದರೆ ತುರಿಕೆ, ಚರ್ಮ ದಪ್ಪಗಾಗುವುದು ಮುಂತಾದ ತೊಂದರೆ ಕೊಡುವ ಅದರ ರಾಸಾಯನಿಕಗಳೂ ಚಿಕೋರಿಯ ಕಹಿ ಅಂಶಗಳೂ ಒಂದೇ ವರ್ಗದವು. ಆ ಗಿಡದಿಂದ ಚರ್ಮದ ಅಲರ್ಜಿ ಬಂದವರು, ಸೇವಂತಿಗೆ ಮುಟ್ಟಿದರೆ ತುರಿಸುವವರು ಚಿಕೋರಿಯ ಹಸಿ ಸೊಪ್ಪನ್ನು ದೂರವಿಡುವುದು ಕ್ಷೇಮ, ಹುಡಿಯನ್ನೂ ಮೊದಲು ಸ್ವಲ್ಪವೇ ಕುಡಿದು ನೋಡಬೇಕು. ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಹೆಚ್ಚು ಕುಡಿಯಬಾರದು, ಏಕೆಂದರೆ ಇದರ ಕಹಿ ಪಿತ್ತರಸ ಹರಿಯುವುದನ್ನು ಹೆಚ್ಚಿಸುತ್ತದೆ.

ನಿಮ್ಮ ನಾದಿನಿಗೆ ಸಂಬಂಧಿಸಿ ಹೇಳುವುದಾದರೆ, ಬಸುರಿನ ಕೊನೆಯ ತಿಂಗಳುಗಳಲ್ಲಿ ಕೆಫೀನ್ ಮೈಯಿಂದ ಹೊರಹೋಗಲು ಬೇರೆ ಸಮಯಕ್ಕಿಂತ ಎರಡು ಮೂರು ಪಟ್ಟು ಹೊತ್ತು ಬೇಕಾಗುತ್ತದೆ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 200ರ ಒಳಗಿರಲಿ ಎನ್ನುವ ವೈದ್ಯರೇ ಹೆಚ್ಚು. ಈ ದೃಷ್ಟಿಯಿಂದ ಕಾಫಿ ಇಳಿಸುವುದು ಒಳ್ಳೆಯದು. ಆದರೆ ಅದರ ಜಾಗಕ್ಕೆ ಮೂರು ಹೊತ್ತೂ ಬರೀ ಚಿಕೋರಿ ತುಂಬುವುದನ್ನು ನಾನು ಸೂಚಿಸುವುದಿಲ್ಲ. ಮಿಶ್ರಣದ ಕಾಫಿಯಲ್ಲಿ ಬರುವಷ್ಟು ಚಿಕೋರಿಗೆ ಭಯಪಡಬೇಕಾಗಿಲ್ಲ. ಅದಕ್ಕಿಂತ ಹೆಚ್ಚಿಗೆ, ಅಥವಾ ಮದ್ದಿನ ರೂಪದಲ್ಲಿ ಕುಡಿಯುವುದಾದರೆ ಅವರನ್ನು ನೋಡುವ ವೈದ್ಯರ ಒಪ್ಪಿಗೆ ಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಾ, ಚಿಕೋರಿ ಯಾವುದರ ಜೊತೆಗೂ ನುಂಗಬಾರದು. ಒಂದೆರಡು ಗಂಟೆಯ ಅಂತರವಿರಲಿ.

ಚಿಕೋರಿಯಲ್ಲಿ ಕೆಫೀನ್ ಇಲ್ಲವೆಂದ ಮಾತ್ರಕ್ಕೆ ಬೇಕಾದಷ್ಟು ಕುಡಿಯಬಹುದು ಎಂದಾಗುವುದಿಲ್ಲ. ಪದಾರ್ಥಗಳನ್ನು ಬಹಳ ಬಿಸಿಯಲ್ಲಿ ಹುರಿದಾಗ ಅಕ್ರಿಲಮೈಡ್ ಎಂಬ, ಆದಷ್ಟು ಕಡಿಮೆ ಇದ್ದರೆ ಒಳ್ಳೆಯದಾದ ರಾಸಾಯನಿಕ ಹುಟ್ಟುತ್ತದೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಮಾಡಿದ ನಿಯಮದಲ್ಲಿ ತಯಾರಕರಿಗೆ ಹಾಕಿಕೊಟ್ಟ ಮಟ್ಟ, ಹುರಿದ ಕಾಫಿಗೆ ಒಂದು ಕಿಲೋಗೆ 400 ಮೈಕ್ರೋಗ್ರಾಂ ಆದರೆ ಬರೀ ಚಿಕೋರಿಯಿಂದ ಮಾಡಿದ ಬದಲಿ ಕಾಫಿಗೆ 4000. ಹತ್ತು ಪಟ್ಟು ಸಡಿಲ ಬಿಟ್ಟಿರುವುದು ಚಿಕೋರಿಯಲ್ಲಿ ಅದು ಸಹಜವಾಗಿಯೇ ಹೆಚ್ಚು ಹುಟ್ಟುತ್ತದೆ ಎಂಬ ಕಾರಣಕ್ಕೆ. ದಿನಕ್ಕೆ ಒಂದೆರಡು ಲೋಟಕ್ಕೆ ಇದರಿಂದ ಗಾಬರಿಯಾಗಬೇಕಾಗಿಲ್ಲ. ಆದರೆ ಕಾಫಿಗೆ ಮಿತಿ ಹಾಕಿ ಚಿಕೋರಿಗೆ ಮಿತಿಯಿಲ್ಲದೆ ಬಿಡುವುದಕ್ಕೆ ಯಾವ ಆಧಾರವೂ ಇಲ್ಲ.

ಬರೀ ಚಿಕೋರಿಯನ್ನು ಹಿತ್ತಾಳೆಯದಾಗಲಿ ಸ್ಟೀಲಿನದಾಗಲಿ ಫಿಲ್ಟರಿಗೆ ಹಾಕಬೇಡಿ. ನೀರು ಬಿದ್ದ ಕೂಡಲೇ ಅದು ಉಬ್ಬಿ ಅಂಟಂಟಾಗಿ ತೂತುಗಳನ್ನು ಮುಚ್ಚುತ್ತದೆ, ಡಿಕಾಕ್ಷನ್ ಇಳಿಯುವುದಿಲ್ಲ. ಒಂದು ಲೋಟ ನೀರು ಕುದಿಯುವಾಗ ಅರ್ಧದಿಂದ ಮುಕ್ಕಾಲು ಚಮಚ ಹುಡಿ ಹಾಕಿ, ಉರಿ ಸಣ್ಣ ಮಾಡಿ ಎರಡು ಮೂರು ನಿಮಿಷ ಬಿಟ್ಟು, ಮುಚ್ಚಿಟ್ಟು, ಹುಡಿ ತಳ ಸೇರಿದ ಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಸೋಸಬೇಕು. ಕಾಫಿಗೆ ಹಾಕುವ ಹುಡಿಯ ಅರ್ಧವೇ ಇದಕ್ಕೆ ಸಾಕು. ಅಳತೆ ತಪ್ಪಿ ಹೆಚ್ಚಾದರೆ ಕಷಾಯದಂತೆ ಕಹಿಯಾಗುತ್ತದೆ. ಬೆಲ್ಲದ ಕಾಫಿ ಕುಡಿಯುವ ಮನೆಯವರು ಬೆಲ್ಲವನ್ನು ಚಿಕೋರಿಯ ನೀರಿನಲ್ಲೇ ಕರಗಿಸಿ, ಒಲೆಯಿಂದ ಇಳಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಬೇರೆಯಾಗಿ ಕಾಯಿಸಿದ ಹಾಲನ್ನು ಸೇರಿಸಿದರೆ ಹಾಲು ಒಡೆಯುವುದಿಲ್ಲ. ಚುಕ್ಕುಕಾಪಿಯ ರುಚಿ ಹಿಡಿದವರು ಒಂದು ಚೂರು ಒಣಶುಂಠಿ, ಎರಡು ಕಾಳು ಕರಿಮೆಣಸು ಜಜ್ಜಿ ಹಾಕಬಹುದು; ಎದೆಯುರಿ ಇರುವ ಮಾವನವರಿಗೆ ಮಾತ್ರ ಮೆಣಸು ಬೇಡ. ಹುಡಿಯನ್ನು ಸಂಗ್ರಹಿಸುವುದರಲ್ಲಿ ನಮ್ಮ ಮಳೆಗಾಲ ದೊಡ್ಡ ಶತ್ರು. ಹುರಿದ ಚಿಕೋರಿ ಗಾಳಿಯ ತೇವವನ್ನು ಹೀರುವಷ್ಟು ಕಾಫಿ ಹುಡಿಯೂ ಹೀರುವುದಿಲ್ಲ. ಆಟಿ ತಿಂಗಳಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕೆಲವೇ ದಿನಗಳಲ್ಲಿ ಹುಡಿ ಕಲ್ಲಿನಂಥ ಗಟ್ಟಿಯಾಗುತ್ತದೆ. ಬರೀ ಗಟ್ಟಿಯಾದದ್ದನ್ನು ಜಜ್ಜಿ ಬಳಸಬಹುದು, ಬೂಷ್ಟಿನ ವಾಸನೆ ಬಂದರೆ ಎಸೆಯಬೇಕು. ಮಳೆಗಾಲದಲ್ಲಿ 100 ಗ್ರಾಂಗಿಂತ ಹೆಚ್ಚು ತರಬೇಡಿ.

ರಾತ್ರಿ ಊಟವಾದ ಮೇಲೆ ಏನಾದರೂ ಬಿಸಿ ಕುಡಿಯಬೇಕೆನಿಸುವವರಿಗೆ ನಾನು ಚಿಕೋರಿಗಿಂತ ನಮ್ಮ ಕೊತ್ತಂಬರಿ-ಜೀರಿಗೆ ಕಷಾಯವನ್ನೇ ಮೊದಲು ಹೇಳುತ್ತೇನೆ. ಅದರಲ್ಲಿ ಕೆಫೀನೂ ಇಲ್ಲ, ಗಾಳಿ ತುಂಬಿಸುವ ಇನುಲಿನ್ನೂ ಇಲ್ಲ. ಮಳೆಗಾಲದಲ್ಲಿ ಪಲ್ಯಕ್ಕೆ ಕೊಯ್ಯುವ ತಗಟೆ ಸೊಪ್ಪಿನ ಗಿಡದ ಬೀಜವನ್ನು ಹುರಿದು ಕಾಫಿಯಂತೆ ಕುಡಿಯುವ ಕ್ರಮವೂ ಇದೆ; ಆದರೆ ಆ ಬೀಜಕ್ಕೆ ಭೇದಿ ಮಾಡಿಸುವ ಗುಣವಿರುವುದರಿಂದ ದಿನವೂ ಕುಡಿಯುವ ಪಾನೀಯವಾಗಿ ಅದನ್ನು ಸೂಚಿಸಲಾರೆ.

ಕೊನೆಯದಾಗಿ ಸೊಪ್ಪು ಮತ್ತು ಬೆಳೆಸುವ ಮಾತು. ಚಿಕೋರಿಯ ಎಲೆ ಯುರೋಪಿನಲ್ಲಿ ನಿತ್ಯದ ತರಕಾರಿ. ಇಟಲಿಯಲ್ಲಿ ಕೆಂಪು ಬಣ್ಣದ ರಾಡಿಕ್ಯೊ ತಳಿಯನ್ನು ಹಸಿಯಾಗಿಯೂ ಸುಟ್ಟೂ ತಿನ್ನುತ್ತಾರೆ. ಬೆಲ್ಜಿಯಂನಲ್ಲಿ ಅಗೆದ ಬೇರನ್ನು ಕತ್ತಲೆ ಕೋಣೆಯಲ್ಲಿ ಮತ್ತೆ ಚಿಗುರಿಸಿ, ಬೆಳಕು ಕಾಣದೆ ಬೆಳ್ಳಗೆ ಬರುವ ಎಳೆಯ ಮೊಗ್ಗನ್ನು ಬೇಯಿಸುತ್ತಾರೆ. ಬೆಳಕು ತಪ್ಪಿಸುವುದು ಕಹಿ ಕಡಿಮೆಯಾಗಲೆಂದು. ನಮ್ಮಲ್ಲಿ ಹಾಗಲಕಾಯಿಯನ್ನು ಪ್ರೀತಿಯಿಂದ ತಿನ್ನುವ ಮನೆಗಳಿಗೆ ಈ ಕಹಿ ದೊಡ್ಡದಲ್ಲ. ಎಳೆಯ ಎಲೆಗಳನ್ನು ಒಮ್ಮೆ ಕುದಿನೀರಿನಲ್ಲಿ ಅದ್ದಿ ಹಿಂಡಿ, ತುಪ್ಪದಲ್ಲಿ ಜೀರಿಗೆಯ ಜೊತೆ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೆ ಈ ಸೊಪ್ಪನ್ನು ಮನಬಂದಂತೆ ಬಡಿಸಬಾರದು; ಇದರಲ್ಲಿ ಕೆ ವಿಟಮಿನ್ ಹೆಚ್ಚಿದೆ.

ಬೆಳೆಯುವುದಾದರೆ ಸೊಪ್ಪಿಗಾಗಿ ಬೆಳೆಯಿರಿ, ಬೇರಿನ ಆಸೆ ಬೇಡ. ಈ ಗಿಡಕ್ಕೆ ನೀರು ನಿಲ್ಲದ, ಆಳವಾದ, ಸಡಿಲ ಮಣ್ಣೂ ಬೇರು ದಪ್ಪವಾಗುವಾಗ ಚಳಿಯೂ ಬೇಕು. ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಒಂದೂವರೆ ಅಡಿ ಅಗೆಯುವಷ್ಟರಲ್ಲಿ ಕಲ್ಲು ಸಿಗುತ್ತದೆ. ಅಡಿಕೆ ತೋಟದ ಒಳಗೆ ಬಿಸಿಲಿಲ್ಲ, ತೇವ ಹೆಚ್ಚು. ತುಲಾಮಾಸದ ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ, ಅಂಗಳದ ಬಿಸಿಲು ಬೀಳುವ ಜಾಗದಲ್ಲಿ ಆಳದ ಚೀಲಗಳಿಗೆ ಹೊಯ್ಗೆ, ಮಣ್ಣು, ಹಟ್ಟಿಗೊಬ್ಬರ ಸಮಪಾಲಿನಲ್ಲಿ ತುಂಬಿ, ಬೀಜ ಬಹಳ ಸಣ್ಣದಾದ್ದರಿಂದ ಮೇಲ್ಮೈಯಲ್ಲೇ ಉದುರಿಸಿ ತೆಳುವಾಗಿ ಮಣ್ಣು ಮುಚ್ಚಬೇಕು. ಗಿಡ ಗೇಣುದ್ದ ಬಂದಾಗ ಹೊರಗಿನ ಎಲೆಗಳನ್ನು ಕೊಯ್ಯುತ್ತ ಬಂದರೆ ಮಾರ್ಚಿನ ಸೆಕೆ ಏರುವ ವರೆಗೆ ಸಿಗುತ್ತದೆ. ಸೆಕೆ ಏರಿದ ಮೇಲೆ ಎಲೆ ತಿನ್ನಲಾರದಷ್ಟು ಕಹಿಯಾಗುತ್ತದೆ. ಆಗ ಉಳಿದದ್ದನ್ನು ಕಿತ್ತು ಹಟ್ಟಿಯ ದನಕ್ಕೆ ಹಾಕಿ, ಉತ್ತರ ಭಾರತದ ರೈತರು ಇದನ್ನು ಮೇವಿಗೆಂದೇ ಬೆಳೆಯುತ್ತಾರೆ.